ಎಡ ಸ್ಪೀಕರಿನ ಮೌಲ್ಯಮಾಪನ

ಇಪ್ಪತ್ತೈದು ವರ್ಷ ಕೆಂಪು ಪೆನ್ನು ಹಿಡಿದ ಮನುಷ್ಯನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಕಣ್ಣಿಗೆ ಬಿದ್ದದ್ದಕ್ಕೆಲ್ಲ ಅಂಕ ಕೊಡುವ ಕಾಯಿಲೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಉಳಿದವರು ಹೋಳಿಗೆ ತಿನ್ನುತ್ತಾರೆ. ನಾನು ಮೊದಲು ಹೋಳಿಗೆಗೆ ಹತ್ತಕ್ಕೆ ಏಳು ಎಂದು ಮನಸ್ಸಿನಲ್ಲೇ ಬರೆದುಕೊಂಡು, ಅಂಚು ಕರಕಾಗಿದ್ದಕ್ಕೆ ಅರ್ಧ ಅಂಕ ಕತ್ತರಿಸಿ, ಆಮೇಲೆ ಬಾಯಿಗಿಡುತ್ತೇನೆ. ಅಷ್ಟರಲ್ಲಿ ತುಪ್ಪ ಬಡಿಸುವವರು ಮುಂದಿನ ಪಂಕ್ತಿಗೆ ಹೋಗಿರುತ್ತಾರೆ. ಹಾಗಂತ ಈ ಕಾಯಿಲೆ ವಾಸಿಯಾಗಲಿ ಎಂದು ನಾನು ಎಂದೂ ಬಯಸಿದವನಲ್ಲ. ತಪ್ಪು ಹುಡುಕುವುದರಲ್ಲಿರುವ ಸುಖ ತುಪ್ಪದಲ್ಲೂ ಇಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ಸುನಂದಾ ಮಾಡಿದ ಸಾರಿಗೆ ಒಮ್ಮೆ ಬಾಯಿಬಿಟ್ಟು ಅಂಕ ಹೇಳಿಬಿಟ್ಟಿದ್ದೆ. ಮರುದಿನ ಸಾರೇ ಇರಲಿಲ್ಲ. ಅಂದಿನಿಂದ ಮನೆಯೊಳಗಿನ ಮೌಲ್ಯಮಾಪನ ನಡೆಯುತ್ತದೆ, ಫಲಿತಾಂಶ ಮಾತ್ರ ಪ್ರಕಟವಾಗುವುದಿಲ್ಲ.

ನಾನಿರುವುದು ಬೈಲಹೊಂಗಲದಲ್ಲಿ, ಕಲಿಸುವುದು ಕಿತ್ತೂರಿನ ಒಂದು ಹೈಸ್ಕೂಲಿನಲ್ಲಿ, ವಿಷಯ ವಿಜ್ಞಾನ. ಒಂಬತ್ತನೆಯ ತರಗತಿಗೆ ಶಬ್ದದ ಬಗ್ಗೆ ಒಂದು ಪಾಠವಿದೆ. ಅದನ್ನು ವರ್ಷಕ್ಕೊಮ್ಮೆ ಹೇಳುತ್ತಾ ಬಂದಿರುವುದರಿಂದ, ಕಿವಿಗೆ ಸಂಬಂಧಪಟ್ಟ ಯಾವುದೇ ವಿಷಯದಲ್ಲಿ ನನ್ನದೇ ಕೊನೆಯ ಮಾತು ಎಂಬ ನಂಬಿಕೆಯೊಂದು ನಮ್ಮ ಓಣಿಯಲ್ಲಿ ಬೆಳೆದಿದೆ. ಬೀಜ ಹಾಕಿದವನೂ ನೀರೆರೆದವನೂ ನಾನೇ. ಭಜನೆಯವರು ಹೊಸ ಮೈಕು ತರಲು ಹೋದಾಗ ನನ್ನನ್ನು ಜೊತೆಗೆ ಕರೆದೊಯ್ದಿದ್ದರು. ನಾನು ಅಂಗಡಿಯಲ್ಲಿ ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ, ಅಂಗಡಿಯವನ "ಹಲೋ, ಹಲೋ" ಆಲಿಸಿ, "ಇದರ ಆವೃತ್ತಿ ಸರಿ ಇಲ್ಲ" ಎಂದು ಒಂದನ್ನು ಸರಿಸಿ ಇನ್ನೊಂದನ್ನು ಆರಿಸಿದೆ. ಎರಡೂ ಒಂದೇ ಕಂಪನಿಯ ಒಂದೇ ನಮೂನೆ ಎಂದು ಅಂಗಡಿಯವನು ಪಾವತಿ ಬರೆಯುವಾಗ ಮೆಲ್ಲಗೆ ಹೇಳಿದ. ದೇವರ ದಯೆ, ಭಜನೆಯವರು ಆಗಲೇ ಹೊರಗೆ ನಿಂತು ಚಹಾ ಕುಡಿಯುತ್ತಿದ್ದರು. "ಕಿವಿ ಅಂದ್ರ ನಮ್ಮ ಮಾಸ್ತರ್ದು" ಎಂಬ ಮಾತು ಓಣಿಯಲ್ಲಿ ನೆಲೆಯೂರಿದ್ದು ಹೀಗೆ.

ಈಗ ಸುನಂದಾಳ ವಿಷಯ. ಅವಳು ರಾಮದುರ್ಗದವಳು. ಮದುವೆಗೆ ಮುಂಚೆ ಮೂರು ವರ್ಷ ಅಲ್ಲಿಯ ಒಬ್ಬ ಹಾರ್ಮೋನಿಯಂ ಪೇಟಿ ಮಾಸ್ತರರ ಹತ್ತಿರ ಸಂಗೀತ ಕಲಿತಿದ್ದಳು. ಮದುವೆಯಾದ ಮೇಲೆ ಆ ಸಂಗೀತ ಪಡಸಾಲೆಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಬರೀ ಗುನುಗುವಿಕೆಗೆ ಇಳಿಯಿತು. ಇಳಿಯುತ್ತಿದ್ದದ್ದನ್ನು ನಾನು ನೋಡಿದ್ದೆ. ಇತ್ತೀಚೆಗೆ ಅವಳು ಮೊಬೈಲನ್ನು ಸ್ಟೀಲ್ ಬೋಗುಣಿಯೊಳಗೆ ನಿಲ್ಲಿಸಿ, ಹಾಡು ಹಚ್ಚಿ, ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದಳು. ಬೋಗುಣಿಯಿಂದ ದನಿ ಏನೋ ದೊಡ್ಡದಾಗುತ್ತಿತ್ತು, ಆದರೆ ಎಂಥ ದೊಡ್ಡ ಗವಾಯಿಯೂ ಬಾವಿಯಲ್ಲಿ ಬಿದ್ದು ಕೂಗಿಕೊಂಡ ಹಾಗೆ ಕೇಳುತ್ತಿತ್ತು. ಒಂದು ದಿನ ಅವಳು ಹಿಟ್ಟಿನ ಕೈಯಲ್ಲೇ ಬಂದು ನಿಂತು ಹೇಳಿದಳು: "ಇದರಾಗ ತಂಬೂರಿ ಕೇಳಂಗಿಲ್ರಿ. ತಂಬೂರಿ ಇಲ್ಲಂದ್ರ ಹಾಡೋರು ಒಬ್ಬರ ನಿಂತಂಗ ಅನಸ್ತೈತಿ. ಒಂದ ಜೋಡಿ ಸಣ್ಣ ಸ್ಪೀಕರ ತಗೊಳ್ಳೋಣೇನು?" ಮಿಕ್ಸರು, ಅವ್ವನ ಮಂಚ, ಸೋಲಾರಿನ ನೀರಿನ ಡ್ರಮ್ಮು, ಹೀಗೆ ಅವಳು ಈ ಮನೆಗೆ ಬೇಕಾದದ್ದನ್ನು ಕೇಳಿದ್ದುಂಟು. ತನಗೆ ಅಂತ ಕೇಳಿದ್ದು ಇದೇ ಮೊದಲು. "ತಗೊಳ್ಳೋಣು" ಅಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೊಬ್ಬ ಒಳ್ಳೆಯ ಗಂಡನಾಗಿ ಉಳಿಯುತ್ತಿದ್ದೆ. "ಆದ್ರ ಯಾವುದು ಅನ್ನೋದನ್ನ ನಾ ನೋಡ್ತೇನಿ" ಎಂದೂ ಸೇರಿಸಿದೆ.

ನೋಡಲು ಕೂತೆ. ಯೂಟ್ಯೂಬಿನಲ್ಲಿ ಸ್ಪೀಕರುಗಳನ್ನು ಅಳೆದು ತೂಗುವ ಜನರ ಒಂದು ಬೇರೆಯೇ ಕುಲವಿದೆ ಎಂದು ನನಗೆ ಗೊತ್ತಾದದ್ದು ಆಗ. ಗಡ್ಡ ಬಿಟ್ಟ, ಕತ್ತಲೆ ಕೋಣೆಯಲ್ಲಿ ನೀಲಿ ದೀಪ ಹಚ್ಚಿಕೊಂಡು ಕೂತ ಈ ಮಹನೀಯರ ಪ್ರಕಾರ ಒಂದು ಸ್ಪೀಕರಿನ ಧ್ವನಿ ಬೆಚ್ಚಗಿರುತ್ತದೆ, ಮತ್ತೊಂದರದು ತಣ್ಣಗಿರುತ್ತದೆ, ಮಗದೊಂದರಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ. ಸ್ಪೀಕರಿನ ಬಗ್ಗೆ ಹೇಳುತ್ತಿದ್ದಾರೋ ಬಾಡಿಗೆ ಮನೆಯ ಬಗ್ಗೆ ಹೇಳುತ್ತಿದ್ದಾರೋ ತಿಳಿಯದು. ನಮ್ಮಂಥವರ ಕೈಗೆಟಕುವ ಮಾಲಿಗೆ ಅವರು "ಎಂಟ್ರಿ ಲೆವೆಲ್" ಎನ್ನುತ್ತಾರೆ. ಅಂದರೆ ಬಾಗಿಲ ತನಕ ಬಂದಿದ್ದೀರಿ, ಸಂತೋಷ, ಚಪ್ಪಲಿ ಅಲ್ಲೇ ಬಿಡಿ, ಒಳಗೆ ಮಾತ್ರ ಬರಬೇಡಿ ಎಂದು ಅರ್ಥ. ಅದರ ಗುಣ ಹೇಳುವಾಗ ಕೊನೆಗೆ "ಈ ಬೆಲೆಗೆ ಪರವಾಗಿಲ್ಲ" ಎನ್ನುತ್ತಾರೆ. ವಯಸ್ಸು ಮೀರಿದ ವರನ ಬಗ್ಗೆ ನಮ್ಮ ಕಡೆ ಹಿರಿಯರು ಇದೇ ದನಿಯಲ್ಲಿ ಮಾತಾಡುತ್ತಾರೆ. ಹದಿನೈದು ದಿನ ನೋಡಿ, ಒಂದು ನೋಟ್‌ಬುಕ್ ಅರ್ಧ ತುಂಬಿಸಿ, ಕೊನೆಗೆ ಸುನಂದಾ ಮೊದಲ ದಿನವೇ ಬೆರಳಿಟ್ಟು ತೋರಿಸಿದ್ದ ಜೋಡಿಯನ್ನೇ ಆರ್ಡರ್ ಮಾಡಿದೆ. ಬುಕ್‌ಶೆಲ್ಫ್ ಸ್ಪೀಕರ್ ಎಂದು ಅದರ ಹೆಸರು. ಹಿಡಿಸದಿದ್ದರೆ ವಾಪಸು ಕಳಿಸಲು ಏಳು ದಿನದ ಮುದತು.

ಮಾಲು ಬಂತು. ಡಬ್ಬಿ ಒಡೆದು ಎರಡು ಕರಿ ಪೆಟ್ಟಿಗೆಗಳನ್ನು ಹೊರಗಿಟ್ಟದ್ದೇ ತಡ, ನಮ್ಮ ಅವ್ವ ವಿಭೂತಿಗಟ್ಟಿ ಹಿಡಿದುಕೊಂಡು ಬಂದಳು. ನಮ್ಮ ಮನೆಗೆ ಬರುವ ಯಾವ ಯಂತ್ರವೂ ಪೂಜೆಯಿಲ್ಲದೆ ಒಂದು ಸುತ್ತು ತಿರುಗಿದ್ದಿಲ್ಲ. ಎರಡೂ ಪೆಟ್ಟಿಗೆಯ ಹಣೆಗೆ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು, ತೆಂಗಿನಕಾಯಿ ಇಲ್ಲದ್ದಕ್ಕೆ ಒಂದು ಲಿಂಬೆಹಣ್ಣು ಕೊಯ್ದಳು. ಆಮೇಲೆ ಕೇಳಿದಳು: "ಎಷ್ಟ ಬಿತ್ತಪಾ?" ಹೇಳಿದೆ. ಅವ್ವನಿಗೆ ಎಲ್ಲ ಬೆಲೆಯೂ ಜೋಳದಲ್ಲೇ ತಿಳಿಯಬೇಕು. ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಎರಡ ಚೀಲ ಜ್ವಾಳ! ಇವು ಒಂದ ದಿನಕ್ಕ ಎಷ್ಟ ತಾಸು ಹಾಡತಾವ?" ಎಂದಳು. ನಾವು ಹಚ್ಚಿದಷ್ಟು ಹೊತ್ತು ಎಂದೆ. "ಹಂಗಾರ ತುಟ್ಟಿ ಅಲ್ಲ ಬಿಡು, ಹಲಗಿ ಬಡಿಯಾವ್ರು ಒಂದ ತಾಸಿಗೆ ಎಷ್ಟ ಕೇಳ್ತಾರ ಗೊತ್ತೈತೇನು?" ಎಂದು ಒಳಗೆ ಹೋದಳು. ನೀಲಿ ದೀಪದ ಯಾವ ಮಹನೀಯನೂ ಇಷ್ಟು ಬೇಗ ಬೆಲೆ ಮತ್ತು ಯೋಗ್ಯತೆಯ ತೀರ್ಮಾನ ಕೊಟ್ಟಿರಲಿಲ್ಲ. ನಾನು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಬುಕ್‌ಶೆಲ್ಫ್ ಸ್ಪೀಕರ್ ಇಡಲು ಬುಕ್‌ಶೆಲ್ಫ್ ಬೇಕಲ್ಲ. ಮಾಸ್ತರನ ಮನೆ, ಪುಸ್ತಕದ ಕಪಾಟು ಇರಲೇಬೇಕು ಎಂದು ಆ ಕಂಪನಿಯವರು ನಂಬಿದ್ದರೆ ಅದು ಅವರ ದೊಡ್ಡ ಮನಸ್ಸು. ನಮ್ಮ ಮನೆಯ ಪುಸ್ತಕಗಳೆಲ್ಲ ಮಂಚದ ಕೆಳಗಿನ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಸುಖವಾಗಿವೆ. ಪಡಸಾಲೆಯ ಒಂದು ಗೋಡೆಗೆ ಎರಡು ಸ್ಟೂಲು ಹಾಕಿ, ಎಡಗಡೆಯದನ್ನು ಜೋಳದ ಚೀಲಗಳ ಪಕ್ಕಕ್ಕೂ ಬಲಗಡೆಯದನ್ನು ಬಾಗಿಲ ಪಕ್ಕಕ್ಕೂ ಇಟ್ಟೆ. ಕೇಳುವವನ ಕಿವಿಯೂ ಎರಡು ಸ್ಪೀಕರುಗಳೂ ಸೇರಿ ಸಮಬಾಹು ತ್ರಿಭುಜವಾಗಬೇಕಂತೆ. ಟೇಪು ಹಿಡಿದು ಅಳೆದು, ಸೀಮೆಸುಣ್ಣದಿಂದ ನೆಲದ ಮೇಲೆ ಗುರುತು ಹಾಕಿ, ಅಲ್ಲಿ ಕುರ್ಚಿ ಇಡಲು ಹೋದರೆ ಅದು ಅವ್ವ ಮೊರ ಹಿಡಿದು ಜೋಳ ಹಸನು ಮಾಡಲು ಕೂಡುವ ಜಾಗ. ನಲವತ್ತು ವರ್ಷದಿಂದ ಅವಳದೇ. "ನಾ ಇಲ್ಲಿಂದ ಏಳಂಗಿಲ್ಲ, ಬೇಕಾದ್ರ ನಿನ್ನ ತ್ರಿಕೋನ ಆಕಡೆ ಸರಸು" ಎಂದಳು. ಇಡೀ ಮನೆಯಲ್ಲಿ ಒಬ್ಬರಿಗೆ ಮಾತ್ರ ಸಂಗೀತ ಸರಿಯಾಗಿ ಕೇಳುವ ಜಾಗವೊಂದಿದ್ದರೆ ಅಲ್ಲಿ ಯಾರು ಕೂಡಬೇಕು ಎಂಬ ಪ್ರಶ್ನೆ ಸುನಂದಾಳಿಗೂ ಬಂದಿರಬಹುದು. ಅವ್ವ ಸಂತೆಗೆ ಹೋದ ಹೊತ್ತು ನೋಡಿ ನಾನೇ ಕೂತೆ.

ಸುನಂದಾ ಹಿಂದುಸ್ತಾನಿ ಗಾಯನದ ಒಂದು ಖಯಾಲು ಹಚ್ಚಿದಳು. ನಾನು ಕಣ್ಣು ಮುಚ್ಚಿ, ತಲೆ ವಾಲಿಸಿ, ಭಜನೆಯವರ ಮೈಕಿಗೆ ಮಾಡಿದ್ದನ್ನೆಲ್ಲ ಮಾಡಿದೆ. ಬಲಗಡೆಯ ಸ್ಪೀಕರು ಚೆನ್ನಾಗಿ ನುಡಿಯುತ್ತಿತ್ತು. ಎಡಗಡೆಯದು ಮಂದ. ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ. ನನಗೆ ಒಳಗೊಳಗೇ ಎಷ್ಟು ಆನಂದವಾಯಿತೆಂದರೆ, ಉತ್ತರಪತ್ರಿಕೆಯಲ್ಲಿ ಜಾಣ ಹುಡುಗ ಮಾಡಿದ ತಪ್ಪು ಸಿಕ್ಕಾಗ ಆಗುತ್ತದಲ್ಲ, ಅಷ್ಟು. "ಎಡಕಿಂದ ಮಂದ ಐತಿ" ಎಂದು ಘೋಷಿಸಿದೆ. ಸುನಂದಾ ಅಚ್ಚರಿಯಿಂದ, "ಹೌದ? ನನಗ ಎರಡೂ ಒಂದ ಸವನ ಕೇಳ್ತಾವಲ್ರಿ. ತಂಬೂರಿ ನೋಡ್ರಿ, ಎಷ್ಟ ಛಂದ ತುಂಬಿಕೊಂಡೈತಿ" ಎಂದಳು. "ಅದು ಸೂಕ್ಷ್ಮ. ಎಲ್ಲಾರಿಗೂ ತಿಳಿಯಂಗಿಲ್ಲ" ಎಂದೆ ನಾನು. ಮೂರು ವರ್ಷ ಶ್ರುತಿ ಹಿಡಿದು ಕಲಿತವಳಿಗೆ, ಪಾಠಪುಸ್ತಕದಲ್ಲಿ ಶ್ರುತಿಕವೆಯ ಚಿತ್ರ ತೋರಿಸಿ ಜೀವನ ಸಾಗಿಸಿದವನು ಹೇಳಿದ ಮಾತಿದು. ಈಗ ನೆನೆದರೆ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ. ನೋಟ್‌ಬುಕ್ಕಿನಲ್ಲಿ ಬಲಕ್ಕೆ ಹತ್ತಕ್ಕೆ ಎಂಟು, ಎಡಕ್ಕೆ ಮೂರು ಬರೆದೆ. ಮೂರು ಅಂದರೆ ಅದು ನಪಾಸು.

ಎರಡನೆಯ ಅಭಿಪ್ರಾಯಕ್ಕೆ ಎದುರು ಮನೆಯ ಈರಪ್ಪಣ್ಣನನ್ನು ಕರೆದೆ. ಈರಪ್ಪಣ್ಣನ ಹೊಲ ದೊಡವಾಡದಲ್ಲಿ, ಮನೆ ಇಲ್ಲಿ, ಜೀವ ಮಾತ್ರ ಟ್ರ್ಯಾಕ್ಟರಿನಲ್ಲಿ. ಕಬ್ಬಿನ ಹಂಗಾಮಿನಲ್ಲಿ ಅವನ ಟ್ರ್ಯಾಕ್ಟರು ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಹೊರಟರೆ, ಮಡ್‌ಗಾರ್ಡಿನ ಮೇಲೆ ಕೂರಿಸಿದ ನಾಲ್ಕು ಸ್ಪೀಕರುಗಳ ಹಾಡು ಟ್ರ್ಯಾಕ್ಟರಿಗಿಂತ ಒಂದು ಮೈಲು ಮುಂಚೆ ಕಾರ್ಖಾನೆ ಮುಟ್ಟುತ್ತದೆ. ಅವನು ಬಂದು, ಪೆಟ್ಟಿಗೆಗಳನ್ನು ನೋಡಿ, "ಇವು ಮರಿಗೋಳೇನ್ರಿ? ತಾಯಿ ಎಲ್ಲೈತಿ?" ಎಂದ. ಇಷ್ಟೇ ಎಂದೆ. ಸುನಂದಾ ಹಾಡು ಹಚ್ಚಿದಳು. ಈರಪ್ಪಣ್ಣ ಅಂಗೈಯನ್ನು ಎದೆಯ ಮೇಲಿಟ್ಟುಕೊಂಡು ಐದು ನಿಮಿಷ ಕೂತ. ಎಡಗಡೆಯದು ಮಂದ ಅನ್ನಿಸುವುದಿಲ್ಲವೇ ಎಂದು ಕೇಳಿದೆ. "ಎಡಕಿಂದೂ ಮಂದ, ಬಲಕಿಂದೂ ಮಂದ್ರಿ ಮಾಸ್ತರ್ರ. ಇದು ಕಿವಿಗೆ ಕೇಳ್ತೈತಿ, ಎದಿಗೆ ಕೇಳಂಗಿಲ್ಲ. ಆವಾಜ ಅಂದ್ರ ಗುಂಡಿ ಹರಿಬೇಕ್ರಿ" ಎಂದು ಅಂಗಿಯ ಗುಂಡಿ ಮುಟ್ಟಿ ತೋರಿಸಿದ. ಸುನಂದಾ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು. ನಾನು ಈರಪ್ಪಣ್ಣನ ಹೇಳಿಕೆಯ ಮೊದಲರ್ಧವನ್ನು ಮಾತ್ರ ಸಾಕ್ಷಿಯಾಗಿ ದಾಖಲಿಸಿಕೊಂಡೆ: ಎಡಕಿಂದು ಮಂದ.

ಮೂರನೆಯ ದಿನ ವೈಜ್ಞಾನಿಕ ವಿಧಾನಕ್ಕೆ ಇಳಿದೆ. ಎಡಗಡೆಯ ಪೆಟ್ಟಿಗೆಯನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಬದಲಿಸಿದೆ. ಈಗ ಮಂದವಾಗಿದ್ದ ಪೆಟ್ಟಿಗೆ ಬಲಕ್ಕೆ ಬಂದಿದ್ದರಿಂದ ಬಲಗಡೆ ಮಂದ ಕೇಳಬೇಕು. ಕೇಳಲಿಲ್ಲ. ಎಡಗಡೆಯೇ ಮಂದ. ಇದರಿಂದ ಯಾವ ತೀರ್ಮಾನಕ್ಕೆ ಬರಬೇಕು ಎಂದು ಒಂಬತ್ತನೆಯ ತರಗತಿಯ ಕೊನೆಯ ಬೆಂಚಿನವರೂ ಹೇಳಿಯಾರು: ದೋಷ ಪೆಟ್ಟಿಗೆಯಲ್ಲಿಲ್ಲ. ನಾನು ಬಂದ ತೀರ್ಮಾನ, ಎರಡೂ ಪೆಟ್ಟಿಗೆ ದೋಷಿ, ಒಂದರ ಚಟ ಇನ್ನೊಂದಕ್ಕೆ ಹತ್ತಿದೆ. ನಾಲ್ಕನೆಯ ದಿನ ವಾಯರು ಬದಲಿಸಿದೆ. ಎಡಗಡೆಯೇ ಮಂದ. ಐದನೆಯ ದಿನ ಗೋಡೆಯ ಮೇಲೆ ಅನುಮಾನ ಬಂತು. ಎಡಗಡೆಯದು ಹಳೆಯ ಮಣ್ಣಿನ ಗೋಡೆ, ಬಲಗಡೆಯದು ಆಮೇಲೆ ಕಟ್ಟಿಸಿದ ಸಿಮೆಂಟಿನದು. ಗೋಡೆಯನ್ನು ಬದಲಿಸಲು ಬರುವುದಿಲ್ಲವಾದ್ದರಿಂದ ಜೋಳದ ಚೀಲಗಳನ್ನು ಆರೋಪಿ ಮಾಡಿದೆ. ಶಬ್ದವನ್ನು ಜೋಳ ನುಂಗುತ್ತಿದೆ ಎಂದು ಅವ್ವನಿಗೆ ವಿವರಿಸಿದೆ. "ಜ್ವಾಳ ನಾವು ನುಂಗೂದು ಕೇಳೇನಿ, ಜ್ವಾಳನ ನುಂಗೂದು ಕೇಳಿದ್ದಿಲ್ಲ" ಎಂದಳು. ಆರು ಚೀಲಗಳನ್ನು ನಾನೂ ಈರಪ್ಪಣ್ಣನೂ ಅಡಿಗೆಮನೆಗೆ ಹೊತ್ತು ಹಾಕಿದೆವು. ಸುನಂದಾ ಒಲೆಯ ಮುಂದೆ ಹೋಗಲು ಅಡ್ಡಡ್ಡ ನಡೆಯಬೇಕಾಯಿತು. ಎಡಗಡೆ ಮಂದವೇ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಶಾಲೆ ಬೇಗ ಬಿಟ್ಟು ಮನೆಗೆ ಬಂದೆ. ಬಾಗಿಲು ಮುಂದಕ್ಕೆ ಹಾಕಿತ್ತು. ತಳ್ಳಿ ನೋಡಿದರೆ ಸುನಂದಾ ನನ್ನ ಸೀಮೆಸುಣ್ಣದ ಗುರುತಿನ ಮೇಲೆ ನೆಲಕ್ಕೇ ಕೂತಿದ್ದಾಳೆ. ಕೈಯಲ್ಲಿ ಹಿಟ್ಟು ಒಣಗಿ ಬಿರುಕು ಬಿಟ್ಟಿದೆ. ಒಲೆ ಆರಿಸಿದ್ದಾಳೆ. ಕಣ್ಣು ಮುಚ್ಚಿ, ಸ್ಪೀಕರಿನ ದನಿಯ ಕೆಳಗೇ ತನ್ನ ದನಿಯನ್ನು ಹೊಂದಿಸಿ ಒಂದು ಆಲಾಪ ಎಳೆಯುತ್ತಿದ್ದಾಳೆ. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ, ಮೊದಲ ಕೆಲವು ದಿನ ಬಿಟ್ಟರೆ, ಅವಳು ಬಾಯಿ ತುಂಬ ಹಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ದನಿ ಸ್ವಲ್ಪ ಒಡೆದಿತ್ತು, ಆದರೆ ಎಲ್ಲಿ ಹೋಗಿ ನಿಲ್ಲಬೇಕೋ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಚಪ್ಪಲಿ ಬಿಟ್ಟು ಸುಮ್ಮನೆ ಹೊಸ್ತಿಲ ಮೇಲೆ ಕೂಡಬೇಕಿತ್ತು. ಮನುಷ್ಯನಾಗಿದ್ದರೆ ಕೂಡುತ್ತಿದ್ದೆ. ಮೌಲ್ಯಮಾಪಕನಾದ್ದರಿಂದ ಒಂದು ನಿಮಿಷ ನಿಂತು ಆಲಿಸಿ, "ಇಲ್ಲಿಂದನೂ ಎಡಕಿಂದ ಮಂದನ ಐತಿ ನೋಡು" ಎಂದೆ. ಅವಳು ಬೆಚ್ಚಿ ಕಣ್ಣು ತೆರೆದು, ಹಾಡು ನಿಲ್ಲಿಸಿ, ಕೈ ತೊಳೆಯಲು ಎದ್ದು ಹೋದಳು.

ಆರನೆಯ ದಿನ ನನ್ನ ನಿರ್ಧಾರ ಪ್ರಕಟಿಸಿದೆ: ಮಾಲು ವಾಪಸು. "ನಾಳೆ ಮುದತು ಮುಗೀತೈತಿ. ದೋಷ ಇರೋ ಮಾಲು ಇಟ್ಕೊಂಡ್ರ ನಾಳೆ ಓಣ್ಯಾಗ ನನ್ನ ಕಿವಿ ಬಗ್ಗೆ ಏನಂತಾರ?" ಎಂದೆ. ಸುನಂದಾ ಮೆತ್ತಗೆ, "ಕೇಳಾಕಿ ನಾನಲ್ಲೇನ್ರಿ?" ಎಂದಳು. ಉತ್ತರ ಇಲ್ಲದ ಪ್ರಶ್ನೆಗಳನ್ನು ಪಠ್ಯದ ಹೊರಗಿನವು ಎಂದು ಬಿಟ್ಟುಬಿಡುವುದು ಮಾಸ್ತರರ ಪದ್ಧತಿ. ಮೊಬೈಲಿನಲ್ಲಿ ವಾಪಸಾತಿಯ ಕಾರಣ ಕೇಳಿದ್ದರು. ಅವರು ಕೊಟ್ಟ ಸಣ್ಣ ಚೌಕದಲ್ಲಿ, "ಮಾನ್ಯರೇ, ಈ ಮೂಲಕ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ" ಎಂದು ಆರಂಭಿಸಿದೆ. "ತರಬಯಸು" ಎಂಬಲ್ಲಿಗೆ ಚೌಕ ತುಂಬಿತು. ಕೊನೆಗೆ "ಎಡ ಮಂದ" ಎಂದಷ್ಟೇ ಬರೆದು ಕಳಿಸಿದೆ. ನೋಟ್‌ಬುಕ್ಕಿನಲ್ಲಿ ಮಾತ್ರ ಒಟ್ಟು ಧ್ವನಿಗುಣಕ್ಕೆ ನೂರಕ್ಕೆ ಮೂವತ್ತೊಂದು, ಬೆಲೆಗೆ ತಕ್ಕ ಯೋಗ್ಯತೆಗೆ ಇಪ್ಪತ್ತೆಂಟು ಎಂದು ಬರೆದು, ಕೆಳಗೆ ಸಹಿ ಮಾಡಿದೆ. ಕೃಪಾಂಕ ಕೊಡಲಿಲ್ಲ.

ಏಳನೆಯ ದಿನ ಭಾನುವಾರ, ಬೆಳಗಿನ ಹತ್ತು ಗಂಟೆಗೆ ಮಾಲು ಒಯ್ಯುವವನು ಬಂದ. ಸವದತ್ತಿ ಕಡೆಯವನು, ಐವತ್ತರ ಆಸುಪಾಸಿನ ಗಟ್ಟಿ ಆಳು, ಮುಂಚೆ ಟೆಂಪೋ ಹೊಡೆಯುತ್ತಿದ್ದನಂತೆ. ಹಣೆಯ ತುಂಬ ವಿಭೂತಿ. ನಾನು ಸ್ಪೀಕರುಗಳನ್ನು ಸ್ಟೂಲಿನ ಮೇಲೆಯೇ ಒರೆಸಿ ತಯಾರು ಇಟ್ಟಿದ್ದೆ, ವಾಯರು ಬಿಚ್ಚುವುದಷ್ಟೇ ಬಾಕಿ, ಆದರೆ ಅವ್ವನ ವಿಭೂತಿ ಪೆಟ್ಟಿಗೆಯ ಸಂದಿಯೊಳಗೆ ಇಳಿದು ಕೂತಿತ್ತು. ಅವನು ಮೊಬೈಲಿನಲ್ಲಿ ಫೋಟೋ ತೆಗೆಯಲು ಬಗ್ಗಿದವನು ಹಾಗೆಯೇ ನಿಂತ. "ಸರ, ಇವಕ್ಕ ಈಬತ್ತಿ ಹಚ್ಚೀರೇನ್ರಿ?" ಎಂದ. "ಹಚ್ಚದ ಬಿಡ್ತೀವೇನು?" ಎಂದಳು ಅವ್ವ, ಜೋಳದ ಮೊರ ಕೆಳಗಿಟ್ಟು. ಅವನು ಚಪ್ಪಲಿ ಬಿಟ್ಟು ಬಂದಿದ್ದು ಒಳ್ಳೆಯದಾಯಿತು ಎಂಬಂತೆ ಕಾಲು ನೋಡಿಕೊಂಡ. "ಪೂಜಿ ಮಾಡಿ ಮನಿ ಒಳಗ ಕರಕೊಂಡದ್ದನ್ನ ಹೊಳ್ಳಿ ಡಬ್ಬಿಗೆ ಹಾಕೂದಂದ್ರ ನನ್ನ ಕೈ ಹಿಂದ ಬರ್ತಾವ್ರಿ. ಅಂಥಾದ್ದೇನು ದೋಷ ಐತ್ರಿ?" ಎಂದ. ನಾನು ವಿವರಿಸಲು ಬಾಯಿ ತೆಗೆಯುವಷ್ಟರಲ್ಲಿ, ಟ್ರ್ಯಾಕ್ಟರು ತೊಳೆಯುತ್ತಿದ್ದ ಈರಪ್ಪಣ್ಣನೂ ಒದ್ದೆ ಕೈಯಲ್ಲಿ ಒಳಗೆ ಬಂದ. ನಮ್ಮ ಓಣಿಯಲ್ಲಿ ಯಾರ ಮನೆಯ ಮುಂದೆ ಗಾಡಿ ನಿಂತರೂ ಒಳಗೆ ಬರುವ ಹಕ್ಕು ಎಲ್ಲರಿಗೂ ಇದೆ.

ಆಗ ಸುನಂದಾ ಮಾತಾಡಿದಳು. ಅಡಿಗೆಮನೆಯಿಂದ ಜೋಳದ ಚೀಲಗಳ ಸಂದಿಯಲ್ಲಿ ಅಡ್ಡಡ್ಡ ಬಂದು, ಕೈ ಒರೆಸಿಕೊಳ್ಳುತ್ತಾ ನಿಂತು, "ಒಂದ ಮಾತ ಕೇಳ್ಲ್ಯಾ? ಸಾಲ್ಯಾಗ ಹುಡುಗ್ರಿಗೆ ಏನಂತ ಕಲಸ್ತೀರಿ? ಯಾವುದರಾಗ ದೋಷ ಐತಿ ಅಂತ ತಿಳೀಬೇಕಾದ್ರ ಒಂದೊಂದ ಬದಲಿ ಮಾಡಿ ನೋಡ್ರಿ ಅಂತ ಕಲಸ್ತೀರಿ, ಹೌದಲ್ರಿ?" ಎಂದಳು.

"ಹೌದು" ಎಂದೆ. "ಪೆಟ್ಟಿಗಿ ಬದಲಿ ಮಾಡ್ದೆ. ವಾಯರ ಬದಲಿ ಮಾಡ್ದೆ. ಚೀಲ ತಗದೆ. ಇನ್ನೇನ ಉಳೀತು?"

"ಕುರ್ಚಿ."

"ಕುರ್ಚಿಗೇನಾಗೈತಿ?"

"ಕುರ್ಚಿಗೇನಾಗಿಲ್ರಿ. ಅದನ್ನ ಹಿಂದಮುಂದ ತಿರಗಿಸಿ, ಸ್ಪೀಕರಿಗೆ ಬೆನ್ನ ಕೊಟ್ಟ ಕುಂದರ್ರಿ. ಒಂದ ಸಲ. ಆಮ್ಯಾಲೆ ಅವ್ರು ಒಯ್ಯಲಿ, ನಾ ಏನೂ ಅನ್ನಂಗಿಲ್ಲ."

ಒಯ್ಯಲಿ ಎನ್ನುವಾಗ ಅವಳ ದನಿ ಸ್ವಲ್ಪ ಅಲುಗಿತು. ಅದಕ್ಕೇ ಒಪ್ಪಿಕೊಂಡೆ. ಕುರ್ಚಿ ತಿರುಗಿಸಿ, ಎದುರು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತೆ. ಹಾಡು ಶುರುವಾಯಿತು. ಎಂದಿನಂತೆ ಎಡಗಡೆ ಮಂದ. "ಯಾವುದು ಮಂದ ಐತಿ, ಕೈ ಮಾಡಿ ತೋರಸ್ರಿ" ಎಂದಳು. ನಾನು ಧೈರ್ಯವಾಗಿ ಎಡಗೈ ಎತ್ತಿ ಹಿಂದಕ್ಕೆ ತೋರಿಸಿದೆ. ತಿರುಗಿ ನೋಡಿದರೆ ನನ್ನ ಬೆರಳು ಬಾಗಿಲ ಪಕ್ಕದ ಸ್ಪೀಕರಿನ ಕಡೆಗಿತ್ತು. ವಾರವಿಡೀ ಹತ್ತಕ್ಕೆ ಎಂಟು ಕೊಟ್ಟು ನಾನೇ ಪಾಸು ಮಾಡಿದ್ದ ಬಲಗಡೆಯದು. ಕುರ್ಚಿ ತಿರುಗಿದ ಕೂಡಲೇ ಪಾಪ ಅದು ನಪಾಸಾಗಿತ್ತು.

ಮೊದಲು ಬಾಯಿಬಿಟ್ಟವನು ಈರಪ್ಪಣ್ಣ. ಅವನು ಎರಡು ಸ್ಪೀಕರನ್ನೂ ನೋಡಿದ, ನಡುವೆ ಕೂತ ನನ್ನನ್ನೂ ನೋಡಿದ. "ಮಾಸ್ತರ್ರ, ದೋಷ ಆ ಪೆಟ್ಟಿಗ್ಯಾಗೂ ಇಲ್ಲ, ಈ ಪೆಟ್ಟಿಗ್ಯಾಗೂ ಇಲ್ರಿ. ಎರಡರ ನಡಬರಕ ಐತಿ" ಎಂದ.

"ಇಲ್ಲಿ ಬಾ ನೀ" ಎಂದು ಅವ್ವ ನನ್ನ ಎಡಗಿವಿಯನ್ನೇ ಹಿಡಿದು ಬಾಗಿಲ ಬೆಳಕಿಗೆ ಎಳೆದಳು. ನನಗೆ ಐವತ್ತೆರಡು ವರ್ಷ. ಮಾಲು ಒಯ್ಯಲು ಬಂದವನು ತನ್ನ ಮೊಬೈಲಿನ ಬ್ಯಾಟರಿ ದೀಪ ಹಚ್ಚಿ ಹಿಡಿದ. "ಏನೋ ಬೆಳ್ಳಗ ಕಾಣ್ತೈತ್ರಿ" ಎಂದ. ಈರಪ್ಪಣ್ಣನ ಟ್ರ್ಯಾಕ್ಟರಿನ ಕೀಲಿಗೊಂಚಲಿನಲ್ಲಿ ಮುಳ್ಳು ಕೀಳುವ ಚಿಮ್ಮಟಿಗೆ ಸದಾ ಇರುತ್ತದೆ. ಅವನು ಅದನ್ನು ಒರೆಸಿ, "ಅಲಗಾಡಬ್ಯಾಡ್ರಿ" ಎಂದು ಜಾಲಿಮುಳ್ಳು ಕೀಳುವ ಹಾಗೆಯೇ ಕಿತ್ತ. ಹೊರಗೆ ಬಂದದ್ದು ಕಡಲೆಕಾಳಿನಷ್ಟು ಗಾತ್ರದ, ಹಳದಿಗಟ್ಟಿದ ಅರಳೆಯ ಉಂಡೆ. ಚಳಿಗಾಲದಲ್ಲಿ ನಸುಕಿನಲ್ಲೇ ಬೈಕು ಹತ್ತಿ ಕಿತ್ತೂರಿಗೆ ಹೋಗುವವನು ನಾನು. ಥಂಡಿಗಾಳಿ ಹೋಗದಿರಲೆಂದು ಕಿವಿಗೆ ಒಂದೊಂದು ಚಿಟಿಕೆ ಅರಳೆ ತುರುಕಿ, ಮಫ್ಲರು ಸುತ್ತಿ, ಅದರ ಮೇಲೆ ಹೆಲ್ಮೆಟ್ಟು ಹಾಕುತ್ತೇನೆ. ಯಾವುದೋ ಒಂದು ಬೆಳಿಗ್ಗೆ ಪ್ರಾರ್ಥನೆಯ ಗಂಟೆ ಹೊಡೆದ ಗಡಿಬಿಡಿಯಲ್ಲಿ ಎಡಗಿವಿಯದನ್ನು ಅರ್ಧ ಮಾತ್ರ ಕಿತ್ತಿದ್ದೆ ಅಂತ ಕಾಣುತ್ತದೆ. ಮರುದಿನ ಅದರ ಮೇಲೆ ಇನ್ನೊಂದು ಚಿಟಿಕೆ ತುರುಕಿದೆ. ಆಮೇಲೆ ದಿನವೂ ಹೊಸದು ಹೊರಗೆ ಬರುತ್ತಿತ್ತು, ಹಳೆಯದು ಒಳಗೆ ಸಂಸಾರ ಹೂಡಿತ್ತು. "ನನ್ನ ಬತ್ತಿ ಹತ್ತಿ!" ಎಂದು ಅವ್ವ ಕೂಗಿಕೊಂಡಳು. "ಡಬ್ಬಿ ದಿನಾ ಕಡಿಮಿ ಆಗಾಕ ಹತ್ತಿತ್ತು. ಇಲಿ ಒಯ್ತಾವ ಅಂತ ನಾ ಇಲಿ ಪಾಷಾಣ ಇಟ್ಟೇನಿ!"

ನನಗೆ ಆಗ ಒಂದೊಂದಾಗಿ ಬಗೆಹರಿಯತೊಡಗಿತು. ತರಗತಿಯಲ್ಲಿ ಎಡಗಡೆ ಸಾಲಿನ ಹುಡುಗರು ಇತ್ತೀಚೆಗೆ ಗದ್ದಲ ಬಿಟ್ಟು ಸುಧಾರಿಸಿದ್ದಾರೆ ಎಂದು ಮುಖ್ಯೋಪಾಧ್ಯಾಯರ ಮುಂದೆ ಹೇಳಿಕೊಂಡು, ನನ್ನ ಶಿಸ್ತಿಗೆ ಶಹಭಾಸ್ ಪಡೆದಿದ್ದೆ. ಊಟಕ್ಕೆ ಕೂತಾಗ ಸುನಂದಾ ಎಡಗಡೆ ಕೂಡುತ್ತಾಳೆ. ಈಚೆಗೆ ಅವಳು ಹೆಚ್ಚು ಮಾತಾಡುತ್ತಿಲ್ಲ, ದಾಂಪತ್ಯ ಮಾಗಿದೆ ಎಂದು ತಿಳಿದು ನೆಮ್ಮದಿಯಾಗಿದ್ದೆ. ಅವಳು ಆ ದಿನಗಳಲ್ಲಿ ಏನೇನು ಹೇಳಿದ್ದಳೋ, ನಾನು ಯಾವುದಕ್ಕೆಲ್ಲ ತಲೆಯಾಡಿಸಿದ್ದೆನೋ ದೇವರಿಗೇ ಗೊತ್ತು. ಈಗ ಕಿವಿ ತೆರೆದಿತ್ತು. ಕುರ್ಚಿಯನ್ನು ಸ್ಪೀಕರಿನ ಕಡೆಗೆ ತಿರುಗಿಸಿ ಮತ್ತೆ ಕೂತೆ. ಹಾಡು ಇನ್ನೂ ನಡೆದೇ ಇತ್ತು. ಎರಡೂ ಕಡೆಯಿಂದ ಬಂದು ನಡುವೆ ಕೂಡಿಕೊಂಡು, ಗೋಡೆಯೇ ಸರಿದು ಹಿಂದೆ ಯಾರೋ ಕೂತು ಹಾಡುತ್ತಿದ್ದಾರೆ ಅನ್ನಿಸಿತು. ಅವರ ಹಿಂದೆ ತಂಬೂರಿ. ಅದು ತಂಬೂರಿ ಎಂದು ಇಪ್ಪತ್ತಾರು ವರ್ಷದ ಮೇಲೆ ನನಗೆ ತಿಳಿಯಿತು. ಎಷ್ಟು ಚೆನ್ನಾಗಿತ್ತೆಂದರೆ, ಅಂಕದ ನೆನಪೇ ಬರಲಿಲ್ಲ. ಸುನಂದಾ ಮಾತ್ರ ಹಾಡು ಕೇಳುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಏನು ಹೇಳುತ್ತೇನೆ ಎಂದು ಕಾಯುತ್ತಿದ್ದಳು. "ಇರ್ಲಿ ಬಿಡು, ವಾಪಸ ಬ್ಯಾಡ" ಎಂದೆ. ತಪ್ಪಾಯಿತು ಎನ್ನಬೇಕಿತ್ತು. ಅಷ್ಟು ಜನರ ಮುಂದೆ ಬಾಯಿ ಬರಲಿಲ್ಲ. ಅವಳು ಅಷ್ಟನ್ನೇ ತೆಗೆದುಕೊಂಡು ಸ್ಪೀಕರಿನ ಮೇಲೆ ಕೈ ಇಟ್ಟಳು.

ಮಾಲು ಒಯ್ಯಲು ಬಂದವನಿಗೆ ಮಾತ್ರ ಈಗ ಪೇಚಾಟಕ್ಕಿಟ್ಟುಕೊಂಡಿತು. ಅವನು ಮೊಬೈಲ್ ಹಿಡಿದುಕೊಂಡು ಒಮ್ಮೆ ನನ್ನ ಕಡೆ, ಒಮ್ಮೆ ಸುನಂದಾಳ ಕಡೆ ನೋಡಿದ. "ಹಂಗಾರ ನಾ ಯಾವುದನ್ನ ಒಯ್ಯಲ್ರಿ ಅಕ್ಕಾರ? ದೋಷ ಇರೋ ಮಾಲು ಕಟಗೊಂಡ ಬಾ ಅಂತ ಇದರಾಗ ಬರದೈತಿ" ಎಂದ.

ಸುನಂದಾ ಚಹಾಕ್ಕೆ ನೀರಿಡಲು ಹೊರಟವಳು, ಚೀಲಗಳ ಸಂದಿಯಿಂದಲೇ ತಿರುಗಿ ಹೇಳಿದಳು: "ದೋಷ ಇರೋ ಮಾಲು ಅಲ್ಲೇ ಕುರ್ಚಿ ಮ್ಯಾಲೆ ಐತಿ ನೋಡ್ರಿ ಅಣ್ಣಾರ. ಏನ ಮಾಡೋದು, ಅದನ್ನ ಹೊಳ್ಳಿ ಕಳಸೋ ಮುದತು ಮುಗದು ಇಪ್ಪತ್ತಾರು ವರ್ಷ ಆತು. ನೀವು ಚಾ ಕುಡದು ಹೋಗ್ರಿ."

ಈ ಮಾತು ನನ್ನ ಎರಡೂ ಕಿವಿಗೆ ಸಮನಾಗಿ ಕೇಳಿಸಿತು.